ಒಂದೇ ಥರ ಕಾಣುವ ಎರಡು ಬೂದು: ಕೋಣೆಗೆ ಯಾವುದು?

ಕೋಣೆಗೆ ಪೇಂಟ್ ಮಾಡಿಸಲು ಹೊರಟವರೆಲ್ಲ ಒಂದು ಹಂತದಲ್ಲಿ ಇಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ನೂರಾರು ಶೇಡ್ ನೋಡಿ, ಕಣ್ಣಿಗೆ ಹೊಡೆಯುವ ಬಣ್ಣಗಳನ್ನೆಲ್ಲ ಬೇಡ ಅಂತ ತೆಗೆದುಹಾಕಿದ ಮೇಲೆ ಕೈಯಲ್ಲಿ ಉಳಿಯುವುದು ಎರಡು ಚೀಟಿ. ಎರಡೂ ತಿಳಿ, ಎರಡೂ ಬೂದು. ಒಮ್ಮೆ ನೋಡಿದರೆ ಒಂದೇ ಬಣ್ಣ ಅನ್ನಿಸುತ್ತದೆ. ಮತ್ತೊಮ್ಮೆ ನೋಡಿದರೆ ಒಂದು ಮಣ್ಣಿನ ಕಡೆಗೆ, ಇನ್ನೊಂದು ಮೋಡದ ಕಡೆಗೆ ಸ್ವಲ್ಪ ವಾಲಿದ ಹಾಗೆ ಕಾಣುತ್ತದೆ. ಮನೆಯವರನ್ನು ಕೇಳಿದರೆ "ಎರಡೂ ಚೆನ್ನಾಗಿದೆ" ಅನ್ನುತ್ತಾರೆ. ಆ ಉತ್ತರ ಕಟ್ಟಿಕೊಂಡು ಏನು ಮಾಡೋದು?

ನಾನೂ ಹೀಗೇ ಸಿಕ್ಕಿಕೊಂಡಿದ್ದೆ. ಕೊನೆಗೆ ಒಂದು ಬೂದು ಆರಿಸಿ ಓದುವ ಕೋಣೆಗೆ ಹೊಡೆಸಿದೆ. ರಾತ್ರಿ ದೀಪ ಹಾಕಿದಾಗ ಚೀಟಿಯಲ್ಲಿದ್ದ ಹಾಗೇ ಇತ್ತು. ಮಾರನೇ ದಿನ ಮೋಡ ಕವಿದಿತ್ತು. ಒಳಗೆ ಕಾಲಿಟ್ಟರೆ ಗೋಡೆ ನಸು ನೀಲಿ! ಡಬ್ಬ ಬದಲಾಗಿರಬೇಕು ಅಂದುಕೊಂಡು ಮೇಲಿದ್ದ ನಂಬರ್ ನೋಡಿದೆ. ಅದೇ ನಂಬರ್. ಪೇಂಟಿನಲ್ಲಿ ತಪ್ಪಿರಲಿಲ್ಲ, ನಾನು ಹೋಲಿಸಿದ ರೀತಿಯಲ್ಲಿತ್ತು. ಅದು ಯಾಕೆ ಅಂತ ಬುಡದಿಂದ ನೋಡೋಣ.

## ನ್ಯೂಟ್ರಲ್ ಅಂದರೆ ಬಣ್ಣವೇ ಇಲ್ಲ ಅಂತಲ್ಲ

ಬಿಳಿ, ಬೂದು, ಕೆನೆ, ತಿಳಿ ಮಣ್ಣಿನ ಬಣ್ಣ, ಇವನ್ನೆಲ್ಲ ಒಟ್ಟಾಗಿ ನ್ಯೂಟ್ರಲ್ ಅನ್ನುತ್ತಾರೆ. ಇವು ಕೆಂಪು, ಹಸಿರಿನ ಹಾಗೆ "ನಾನು ಇಂಥವನು" ಅಂತ ಕೂಗಿ ಹೇಳುವುದಿಲ್ಲ. ಹಾಗಂತ ಒಳಗೆ ಬಣ್ಣ ಇಲ್ಲ ಅಂತಲ್ಲ.

ಪೇಂಟ್ ಕಲಸುವುದನ್ನು ಒಮ್ಮೆ ನಿಂತು ನೋಡಿದರೆ ಇದು ತಿಳಿಯುತ್ತದೆ. ಡಬ್ಬದಲ್ಲಿ ಮೊದಲೇ ಬಿಳಿ ಬೇಸ್ ಇರುತ್ತದೆ. ಆ ಬಿಳುಪು ಬರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿಯಿಂದ. ಅದರ ಮೇಲೆ ಮೆಷಿನ್ನು ಗಾಢ ಬಣ್ಣದ ದ್ರವಗಳನ್ನು, ಅಂದರೆ ಬೇರೆ ಬೇರೆ ಟಿಂಟ್‌ಗಳನ್ನು ಹನಿಹನಿಯಾಗಿ ಬಿಡುತ್ತದೆ. ಬೂದು ಬೇಕಾದರೆ ಬಿಳಿಗೆ ಕಪ್ಪು ಹಾಕಿದರೆ ಸಾಕಲ್ವಾ? ಸಾಲದು. ಪೇಂಟಿನಲ್ಲಿ ಬಳಸುವ ಕಪ್ಪು ಸಾಮಾನ್ಯವಾಗಿ ಮಸಿಯ ಜಾತಿಯದು. ಅದನ್ನು ಬಿಳಿಯಲ್ಲಿ ತೆಳುವಾಗಿ ಕದಡಿದರೆ ಬೂದು ನೀಲಿ ಕಡೆಗೆ ವಾಲುತ್ತದೆ. ಆ ನೀಲಿಯನ್ನು ತಗ್ಗಿಸಲು ಹಳದಿ ಆಕ್ಸೈಡ್ ಬಿಡುತ್ತಾರೆ. ಹಳದಿ ಜಾಸ್ತಿಯಾದರೆ ಹಸಿರು ಇಣುಕುತ್ತದೆ. ಅದನ್ನು ಅಡಗಿಸಲು ಚೂರು ಕೆಂಪು. ಕೆಂಪು ಒಂದು ಹನಿ ಹೆಚ್ಚಾದರೆ ಗುಲಾಬಿ.

ಹೀಗೆ ಪ್ರತಿ ಬೂದುವಿನೊಳಗೂ ಒಂದು ಸಣ್ಣ ಎಳೆತ ಉಳಿದುಬಿಡುತ್ತದೆ. ಅದನ್ನೇ ಅಂಡರ್‌ಟೋನ್ ಅನ್ನುವುದು. ಮೇಲೆ ಕಾಣುವ ಬಣ್ಣದ ಅಡಿಯಲ್ಲಿ ಇನ್ನೊಂದು ಬಣ್ಣದ ಛಾಯೆ. ಅದು ಹಳದಿ, ಕೆಂಪು, ಕಂದಿನ ಕಡೆಗಿದ್ದರೆ ಬೆಚ್ಚನೆ ಬೂದು. ನೀಲಿ, ಹಸಿರು, ನೇರಳೆಯ ಕಡೆಗಿದ್ದರೆ ತಣ್ಣನೆ ಬೂದು. ಬೂದುವಿಗೂ ಮಣ್ಣಿನ ಬಣ್ಣಕ್ಕೂ ನಡುವೆ ನಿಂತದ್ದಕ್ಕೆ ಇಂಗ್ಲಿಷಿನಲ್ಲಿ ಗ್ರೇ ಮತ್ತು ಬೇಜ್ ಸೇರಿಸಿ ಗ್ರೇಜ್ ಅಂತ ಹೆಸರಿಟ್ಟಿದ್ದಾರೆ.

## ಎರಡು ಚೀಟಿಗಳ ಒಳಗೆ ಏನಿದೆ?

ನಿಜವಾದ ಒಂದು ಜೋಡಿಯನ್ನೇ ಎದುರಿಗಿಟ್ಟುಕೊಳ್ಳೋಣ. ಶೆರ್ವಿನ್ ವಿಲಿಯಮ್ಸ್ ಎಂಬ ಅಮೆರಿಕದ ಪೇಂಟ್ ಕಂಪನಿಯ ಅಗ್ರೀಯಬಲ್ ಗ್ರೇ ಮತ್ತು ರಿಪೋಸ್ ಗ್ರೇ. ಬೂದು ಹುಡುಕುವವರು ಪದೇ ಪದೇ ಅಕ್ಕಪಕ್ಕ ಇಟ್ಟು ನೋಡುವ ಜೋಡಿ ಇದು. ನಿಮಗೆ ಸಿಗುವ ಶೇಡ್ ಬೇರೆ ಕಂಪನಿಯದಿರಬಹುದು, ಲೆಕ್ಕ ಮಾತ್ರ ಇದೇ.

ಪರದೆಯ ಮೇಲೆ ಯಾವುದೇ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಲ್ಲಿ ಬರೆಯುತ್ತಾರೆ. ಒಂದೊಂದೂ 0ಯಿಂದ 255ರ ತನಕ ಇರಬಹುದು. ಮೂರೂ ಸಮನಾಗಿದ್ದರೆ ಯಾವ ಕಡೆಗೂ ವಾಲದ ಬೂದು. ಕಂಪನಿ ಕೊಡುವ ಅಂಕಿಗಳಲ್ಲಿ ಅಗ್ರೀಯಬಲ್ ಗ್ರೇ 209, 203, 193. ರಿಪೋಸ್ ಗ್ರೇ 204, 201, 192.

ಈಗ ಕೆಂಪಿನಲ್ಲಿ ನೀಲಿ ಕಳೆಯಿರಿ. ಮೊದಲನೆಯದರಲ್ಲಿ 16 ಉಳಿಯುತ್ತದೆ, ಎರಡನೆಯದರಲ್ಲಿ 12. ಅಂದರೆ ಎರಡೂ ಬೆಚ್ಚನೆಯ ಕಡೆಗೇ ಇವೆ! ಆದರೂ ಅಕ್ಕಪಕ್ಕ ಇಟ್ಟಾಗ ರಿಪೋಸ್ ಗ್ರೇ ತಣ್ಣನೆಯದು ಅಂತ ಜನ ಹೇಳುತ್ತಾರೆ. ಕಾರಣ ಇಷ್ಟೇ, ಅದು ಪಕ್ಕದ್ದಕ್ಕಿಂತ ಕಡಿಮೆ ಬೆಚ್ಚಗಿದೆ. ಇನ್ನೊಂದು ಲೆಕ್ಕ ನೋಡಿ. ಕೆಂಪಿನಲ್ಲಿ ಹಸಿರು ಕಳೆದರೆ ಮೊದಲನೆಯದರಲ್ಲಿ 6, ಎರಡನೆಯದರಲ್ಲಿ 3. ಒಂದರಲ್ಲಿ ಕೆಂಪಿನ ಕೈ ಸ್ವಲ್ಪ ಮೇಲಿದೆ. ಇನ್ನೊಂದರಲ್ಲಿ ಹಸಿರು ಕೆಂಪಿನ ಹತ್ತಿರಕ್ಕೇ ಬಂದು ನಿಂತಿದೆ.

255ರಲ್ಲಿ ಮೂರು ನಾಲ್ಕು ಅಂಕಿಯ ವ್ಯತ್ಯಾಸ ಎಷ್ಟು ಮಹಾ ಅನ್ನಿಸಬಹುದು. ಗಾಢ ಕೆಂಪಿನಲ್ಲಾದರೆ ಇದು ಗೊತ್ತೇ ಆಗುವುದಿಲ್ಲ. ಬೂದುವಿನಲ್ಲಿ ಹಾಗಲ್ಲ. ನೀರಿಗೆ ಒಂದು ಹನಿ ಶಾಯಿ ಬಿದ್ದರೆ ತಕ್ಷಣ ಕಾಣುತ್ತದೆ, ಶಾಯಿಯ ಬಾಟಲಿಗೆ ಇನ್ನೊಂದು ಹನಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

## ಎಲ್‌ಆರ್‌ವಿ: ಗೋಡೆ ಎಷ್ಟು ಬೆಳಕು ವಾಪಸ್ ಕೊಡುತ್ತದೆ?

ಶೇಡ್ ಕಾರ್ಡಿನ ಹಿಂಭಾಗದಲ್ಲೋ ಕಂಪನಿಯ ಪಟ್ಟಿಯಲ್ಲೋ ಎಲ್‌ಆರ್‌ವಿ ಎಂಬ ಅಂಕಿ ಸಿಗಬಹುದು. ಗೋಡೆಗೆ ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದರ ಅಳತೆ ಅದು. ಏನನ್ನೂ ವಾಪಸ್ ಕೊಡದ ಕಪ್ಪಿಗೆ 0, ಎಲ್ಲವನ್ನೂ ಕೊಡುವ ಬಿಳಿಗೆ 100. ನಿಜವಾದ ಪೇಂಟ್‌ಗಳು ಈ ಎರಡು ತುದಿಗಳನ್ನು ಮುಟ್ಟುವುದಿಲ್ಲ.

ಅಗ್ರೀಯಬಲ್ ಗ್ರೇಯದು 60, ರಿಪೋಸ್ ಗ್ರೇಯದು 58. ಎರಡು ಅಂಕಿಯ ಈ ವ್ಯತ್ಯಾಸಕ್ಕೆ ಕೋಣೆ ಬೆಳಗುವುದೂ ಇಲ್ಲ, ಮಂಕಾಗುವುದೂ ಇಲ್ಲ. 60 ಮತ್ತು 40ರ ನಡುವೆ ತೂಗುತ್ತಿದ್ದರೆ ಮಾತ್ರ ಈ ಅಂಕಿ ನಿರ್ಧಾರ ಮಾಡಿಕೊಡುತ್ತದೆ. ಒಂದು ಎಚ್ಚರಿಕೆ: 50 ಅಂದರೆ ಕಪ್ಪು ಬಿಳುಪಿನ ನಟ್ಟನಡುವಿನ ಬೂದು ಅಂದುಕೊಳ್ಳಬೇಡಿ. ನಮ್ಮ ಕಣ್ಣು ಹಾಗೆ ಸಮವಾಗಿ ಅಳೆಯುವುದಿಲ್ಲ. ಸುಮಾರು 18ರ ಹತ್ತಿರದ ಬೂದುವೇ ಕಣ್ಣಿಗೆ ನಡುಮಧ್ಯದ್ದು ಅನ್ನಿಸುತ್ತದೆ. ಫೋಟೋಗ್ರಾಫರ್‌ಗಳು ಬೆಳಕು ಅಳೆಯಲು ಹಿಡಿಯುವ ಬೂದು ಕಾರ್ಡ್ ಶೇಕಡಾ 18ರದ್ದಾಗಿರುವುದು ಇದಕ್ಕೇ. ಹಾಗಾಗಿ 58, 60ರ ಬಣ್ಣಗಳು ಸಾಕಷ್ಟು ತಿಳಿಯಾಗಿಯೇ ಕಾಣುತ್ತವೆ.

## ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ

ನನ್ನ ಗೋಡೆ ನೀಲಿಯಾದದ್ದು ಇಲ್ಲಿಯೇ.

ಪೇಂಟಿಗೆ ತನ್ನದೇ ಬೆಳಕಿಲ್ಲ. ಬಂದ ಬೆಳಕಿನಲ್ಲಿ ಸ್ವಲ್ಪ ನುಂಗಿ, ಉಳಿದದ್ದನ್ನು ನಮ್ಮ ಕಣ್ಣಿಗೆ ಕಳಿಸುತ್ತದೆ. ಬಂದ ಬೆಳಕಿನಲ್ಲೇ ನೀಲಿ ಜಾಸ್ತಿ ಇದ್ದರೆ ಕಳಿಸುವುದರಲ್ಲೂ ನೀಲಿ ಜಾಸ್ತಿ ಇರುತ್ತದೆ. ಗಾಢ ಬಣ್ಣಗಳು ತಮ್ಮ ಪಾಲಿನದನ್ನು ಬಿಟ್ಟು ಉಳಿದದ್ದನ್ನು ನುಂಗಿಹಾಕುತ್ತವೆ. ಬೂದು ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ವಾಪಸ್ ಕೊಡುತ್ತದೆ. ಆದ್ದರಿಂದ ಬೆಳಕಿನ ಬಣ್ಣ ನೇರವಾಗಿ ಗೋಡೆಯ ಮೇಲೆ ಬಂದು ಕೂರುತ್ತದೆ.

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಲ್ಬಿನ ಡಬ್ಬಿಯ ಮೇಲೆ "2700ಕೆ", "6500ಕೆ" ಅಂತ ಇರುತ್ತದಲ್ಲ, ಅದೇ. ಮೇಣದಬತ್ತಿಯ ಬೆಳಕು ಸುಮಾರು 1900, ಹಳೆಯ ತಂತಿ ಬಲ್ಬಿನದು 2700ರ ಆಸುಪಾಸು. ಇವು ಹಳದಿ. 4000ದ ಹತ್ತಿರ ಬಿಳಿ. 6500 ಹಗಲಿನ ಬೆಳಕಿನ ಹಾಗೆ, ಸ್ವಲ್ಪ ನೀಲಿ ಬೆರೆತದ್ದು. ಬಿಸಿಲು ಬೀಳದೆ ಬರೀ ನೀಲಿ ಆಕಾಶದಿಂದ ಇಳಿಯುವ ಬೆಳಕು 10,000ವನ್ನೂ ದಾಟಬಹುದು. ತಮಾಷೆ ನೋಡಿ, ಅಂಕಿ ಏರಿದಷ್ಟೂ ಬೆಳಕು ತಣ್ಣಗೆ ಕಾಣುತ್ತದೆ. ಕಾದ ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ಅಳತೆ ಬಂದಿರುವುದು ಆ ಲೆಕ್ಕದಿಂದ, ನಮ್ಮ "ಬೆಚ್ಚಗೆ, ತಣ್ಣಗೆ" ಅನ್ನುವ ಮಾತಿನಿಂದಲ್ಲ.

ಕಿಟಕಿ ಯಾವ ದಿಕ್ಕಿಗಿದೆ ಎಂಬುದು ಅದಕ್ಕೇ ಮುಖ್ಯ. ಭೂಮಧ್ಯ ರೇಖೆಯಿಂದ ಸಾಕಷ್ಟು ಉತ್ತರಕ್ಕಿರುವ ಕಡೆ, ಉತ್ತರದ ಕಿಟಕಿಗೆ ವರ್ಷದ ಬಹುಪಾಲು ನೇರ ಬಿಸಿಲು ಬೀಳುವುದಿಲ್ಲ. ಬರುವುದು ಆಕಾಶದ ಬೆಳಕು. ಅಂಥ ಕೋಣೆಯಲ್ಲಿ ತಣ್ಣನೆ ಬೂದು ಇನ್ನಷ್ಟು ತಣ್ಣಗಾಗಿ, ಒಮ್ಮೊಮ್ಮೆ ನೀಲಿಯೇ ಆಗಿಬಿಡುತ್ತದೆ. ದಕ್ಷಿಣಾರ್ಧ ಗೋಳದಲ್ಲಿ ಇದು ಉಲ್ಟಾ, ಅಲ್ಲಿ ದಕ್ಷಿಣದ ಕಿಟಕಿಯದು ಈ ಕಥೆ. ಪೂರ್ವದ ಕೋಣೆ ಬೆಳಿಗ್ಗೆ ಹಳದಿ ಬಿಸಿಲು ಕುಡಿದು ಮಧ್ಯಾಹ್ನದ ಮೇಲೆ ತಣ್ಣಗಾಗುತ್ತದೆ. ಪಶ್ಚಿಮದ್ದು ಮಧ್ಯಾಹ್ನದ ತನಕ ಸುಮ್ನೆ ಇದ್ದು, ಸಂಜೆ ಇದ್ದಕ್ಕಿದ್ದ ಹಾಗೆ ಕೇಸರಿಯಾಗುತ್ತದೆ. ಆ ಹೊತ್ತಲ್ಲಿ ಬೆಚ್ಚನೆ ಗ್ರೇಜ್ ಅಂಥ ಕೋಣೆಯಲ್ಲಿ ಬೂದುವಾಗಿ ಉಳಿಯುವುದೇ ಕಷ್ಟ.

ದೀಪದಲ್ಲಿ ಇನ್ನೊಂದು ಅಂಕಿ ಇದೆ, ಸಿಆರ್‌ಐ. ಬಲ್ಬು ವಸ್ತುಗಳ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ 100ಕ್ಕೆ ಎಷ್ಟು ಅಂತ ಕೊಡುವ ಅಂಕ ಅದು. ಮನೆಯ ಬಹಳಷ್ಟು ಎಲ್‌ಇಡಿಗಳು 80ರ ಹತ್ತಿರ ಇರುತ್ತವೆ. 90 ದಾಟಿದ್ದರೆ ಒಳ್ಳೆಯದು.

ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ. ಬೇರೆ ಬೇರೆ ಟಿಂಟ್‌ಗಳಿಂದ ಮಾಡಿದ ಎರಡು ಬೂದುಗಳು ಒಂದು ದೀಪದಡಿ ತದ್ರೂಪವಾಗಿ ಕಂಡು, ಇನ್ನೊಂದು ದೀಪದಡಿ ಬೇರೆ ಬೇರೆಯಾಗಬಹುದು. ಇದನ್ನು ಮೆಟಾಮೆರಿಸಂ ಅನ್ನುತ್ತಾರೆ. ರಾತ್ರಿ ಮಂಚದ ಪಕ್ಕ ಕಪ್ಪು ಅಂತ ಹಾಕಿಕೊಂಡ ಎರಡು ಕಾಲುಚೀಲದಲ್ಲಿ ಒಂದು ಬಿಸಿಲಿಗೆ ಬಂದ ಮೇಲೆ ಕಡುನೀಲಿ ಅಂತ ಗೊತ್ತಾಗುತ್ತದಲ್ಲ, ಹೆಚ್ಚುಕಡಿಮೆ ಅದೇ ಫಜೀತಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ "ಎರಡೂ ಒಂದೇ" ಅನ್ನಿಸಿದ್ದನ್ನು ನಂಬಬಾರದು ಅನ್ನುವುದು ಇದಕ್ಕೇ.

## ಪಕ್ಕದಲ್ಲಿ ಯಾರಿದ್ದಾರೆ?

1824ರಲ್ಲಿ ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮಿಷೆಲ್ ಯುಜೀನ್ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥರಾಗಿ ಬಂದರು. ಅಲ್ಲಿನ ಕಪ್ಪು ನೂಲು ಸರಿಯಾಗಿ ಕಪ್ಪಗಿಲ್ಲ ಎಂಬ ದೂರು ಅವರ ಮುಂದೆ ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಆ ಕಪ್ಪಿನ ಪಕ್ಕ ಯಾವ ನೂಲನ್ನು ನೇಯುತ್ತಿದ್ದರೋ ಅದು ಕಪ್ಪನ್ನು ಮಂಕು ಮಾಡುತ್ತಿತ್ತು. ಒಂದು ಬಣ್ಣ ತನ್ನ ಪಕ್ಕದ್ದನ್ನು ತನಗೆ ವಿರುದ್ಧವಾದ ದಿಕ್ಕಿಗೆ ತಳ್ಳುತ್ತದೆ ಅಂತ ಅವರು ಕಂಡುಕೊಂಡರು. 1839ರಲ್ಲಿ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು.

ಕೋಣೆಯಲ್ಲೂ ಇದೇ ನಡೆಯುತ್ತದೆ. ಕೆಂಗಂದು ಮರದ ನೆಲದ ಪಕ್ಕ ಬೂದು ಗೋಡೆ ಸ್ವಲ್ಪ ನೀಲಿ-ಹಸಿರಾಗಿ ಕಾಣುತ್ತದೆ. ನೀಲಿ ಸೋಫಾ ಹಿಂದೆ ಅದೇ ಗೋಡೆ ಬೆಚ್ಚಗಾಗುತ್ತದೆ. ಕಟುಬಿಳಿ ಬಾಗಿಲ ಚೌಕಟ್ಟಿನ ಪಕ್ಕ ಗ್ರೇಜ್ ಕೊಳೆಯಾದಂತೆ ಕಾಣಬಹುದು. ಕೆನೆಬಿಳಿ ಚೌಕಟ್ಟಿನ ಪಕ್ಕ ಅದೇ ಗ್ರೇಜ್ ಹಾಯಾಗಿ ಕೂರುತ್ತದೆ.

ಇನ್ನೊಂದು ಕಡೆ ನಮ್ಮ ಮಿದುಳು ಸುಮ್ಮನೆ ಕೂರುವುದಿಲ್ಲ. ಬೆಳಕು ಹಳದಿಯಾಗಿದ್ದರೆ ಆ ಹಳದಿಯನ್ನು ಕಳೆದು ವಸ್ತುವಿನ "ನಿಜ" ಬಣ್ಣವನ್ನು ಊಹಿಸಲು ನೋಡುತ್ತದೆ. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ ಲೋಕವೆಲ್ಲ ಸುತ್ತಿತಲ್ಲ? ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಬಂಗಾರ. ಉಡುಪು ನಿಜವಾಗಿ ನೀಲಿ-ಕಪ್ಪು. ಅದರ ಮೇಲೆ ಎಂಥ ಬೆಳಕು ಬಿದ್ದಿದೆ ಅಂತ ಒಬ್ಬೊಬ್ಬರ ಮಿದುಳು ಒಂದೊಂದು ಥರ ಊಹಿಸಿತ್ತು. ಬೂದು ಗೋಡೆಯ ಮುಂದೆ ನಿಂತು ಗಂಡ "ಹಸಿರು", ಹೆಂಡತಿ "ಬೂದು" ಅಂತ ವಾದ ಮಾಡುತ್ತಿದ್ದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇಲ್ಲಿಂದ ಒಂದು ವಿಷಯ ಹೊರಡುತ್ತದೆ, ನನಗೆ ಇದು ಅರ್ಥವಾಗಲು ತುಂಬ ದಿನ ಹಿಡಿಯಿತು. ಎರಡು ಚೀಟಿಗಳನ್ನು ಅಂಟಿಸಿ ಹಿಡಿದರೆ ಒಂದು ಇನ್ನೊಂದನ್ನು ತಳ್ಳುತ್ತದೆ. ಬೆಚ್ಚನೆಯದು ಇನ್ನೂ ಬೆಚ್ಚಗೆ, ತಣ್ಣನೆಯದು ಇನ್ನೂ ತಣ್ಣಗೆ ಕಾಣುತ್ತದೆ. ವ್ಯತ್ಯಾಸ ಗುರುತಿಸಲು ಇದು ಒಳ್ಳೆಯದೇ. ಆದರೆ ನಿಮ್ಮ ಕೋಣೆಯಲ್ಲಿ ಇರುವುದು ಒಂದೇ ಬಣ್ಣ. ಅದರ ಪಕ್ಕ ಆ ಇನ್ನೊಂದು ಚೀಟಿ ಯಾವತ್ತೂ ಇರುವುದಿಲ್ಲ. ಹಾಗಾಗಿ ಅಂಡರ್‌ಟೋನ್ ಪತ್ತೆ ಮಾಡಲು ಪಕ್ಕಪಕ್ಕ ಇಡಿ, ಆಯ್ಕೆ ಮಾಡುವಾಗ ಬೇರೆ ಬೇರೆ ಮಾಡಿ.

## ಚೀಟಿ ಸಣ್ಣದು, ಗೋಡೆ ದೊಡ್ಡದು

ಗೋಡೆಗಳು ಒಂದಕ್ಕೊಂದು ಎದುರಾಗಿ ನಿಂತಿರುತ್ತವೆ. ಒಂದರಿಂದ ಹೊರಟ ಬೆಳಕು ಇನ್ನೊಂದಕ್ಕೆ ಬಡಿದು ಮತ್ತೆ ಬರುತ್ತದೆ. ಪ್ರತಿ ಸಾರಿಯೂ ಅಂಡರ್‌ಟೋನ್ ಒಂದಿಷ್ಟು ಗಟ್ಟಿಯಾಗುತ್ತದೆ. ಮೂಲೆಯಲ್ಲಿ ನೋಡಿ, ಅಲ್ಲಿ ಬಣ್ಣ ಉಳಿದ ಕಡೆಗಿಂತ ತುಂಬಿಕೊಂಡಿರುತ್ತದೆ. ಚೀಟಿಯಲ್ಲಿ ಇದ್ದೂ ಇಲ್ಲದಂತಿದ್ದ ನೇರಳೆ ನಾಲ್ಕು ಗೋಡೆ ಸೇರಿದಾಗ ಎದ್ದು ನಿಲ್ಲುವುದು ಹೀಗೆ. ನೆಲದ್ದೂ ಇದೇ ಕೆಲಸ. ಬಿಸಿಲು ಬಿದ್ದ ಕೆಂಪು ಕಾರ್ಪೆಟ್ ಗೋಡೆಯ ಕೆಳಭಾಗಕ್ಕೆ ಗುಲಾಬಿ ಬಳಿಯುತ್ತದೆ. ಕಿಟಕಿಯಾಚೆಯ ಮರ ಹಸಿರು ಬಳಿಯುತ್ತದೆ.

ಫಿನಿಶ್, ಅಂದರೆ ಒಣಗಿದ ಪೇಂಟಿಗೆ ಎಷ್ಟು ಹೊಳಪು ಅನ್ನುವುದು, ಅದೂ ಆಟ ಆಡುತ್ತದೆ. ಮ್ಯಾಟ್ ಫಿನಿಶ್‌ನ ಮೇಲ್ಮೈ ತೀರಾ ಸಣ್ಣ ಮಟ್ಟದಲ್ಲಿ ಒರಟು. ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ, ಬಣ್ಣ ಮೆತ್ತಗೆ ಕಾಣುತ್ತದೆ. ಹೊಳಪಿನ ಫಿನಿಶ್‌ನಲ್ಲಿ ಅದೇ ನಂಬರಿನ ಬಣ್ಣ ಒಂದು ಕಡೆಯಿಂದ ಗಾಢವಾಗಿ, ಇನ್ನೊಂದು ಕಡೆಯಿಂದ ಬೆಳಕಿನ ಪಟ್ಟೆಯಾಗಿ ಕಾಣುತ್ತದೆ. ಒಂದು ಬಣ್ಣವನ್ನು ಮ್ಯಾಟ್‌ನಲ್ಲಿ, ಇನ್ನೊಂದನ್ನು ಸ್ವಲ್ಪ ಹೊಳಪಿರುವ ಸ್ಯಾಟಿನ್‌ನಲ್ಲಿ ನೋಡಿ ಹೋಲಿಸಿದರೆ ನೀವು ಹೋಲಿಸಿದ್ದು ಫಿನಿಶ್ಶನ್ನೋ ಬಣ್ಣವನ್ನೋ ಗೊತ್ತಾಗುವುದಿಲ್ಲ.

## ಸರಿ, ಹೋಲಿಸುವುದು ಹೇಗೆ?

ಮೊದಲು ಬಿಳಿ ಹಾಳೆ. ಎರಡೂ ಚೀಟಿಗಳನ್ನು ಅದರ ಮೇಲಿಟ್ಟು, ಬಿಸಿಲು ನೇರ ಬೀಳದ ಹಗಲು ಬೆಳಕಿನಲ್ಲಿ ನೋಡಿ. ಶುದ್ಧ ಬಿಳಿ ಎದುರಿಗಿದ್ದಾಗ ಬೂದುವಿನ ಬಣ್ಣ ಹೊರಗೆ ಬರುತ್ತದೆ. ಇನ್ನೂ ಗೊತ್ತಾಗದಿದ್ದರೆ ಅದೇ ಪಟ್ಟಿಯಲ್ಲಿ ಕೆಳಗಿರುವ ಗಾಢ ಶೇಡ್ ನೋಡಿ. ತಿಳಿ ಬಣ್ಣ ಬಚ್ಚಿಟ್ಟದ್ದನ್ನು ಅದು ಎಷ್ಟೋ ಸಾರಿ ಬಾಯಿಬಿಡುತ್ತದೆ.

ಆಮೇಲೆ ಎರಡು ದಪ್ಪ ಬಿಳಿ ಬೋರ್ಡ್ ತನ್ನಿ, ಎರಡು ಅಡಿ ಉದ್ದ, ಎರಡು ಅಡಿ ಅಗಲ. ಒಂದೊಂದಕ್ಕೂ ಒಂದೊಂದು ಬಣ್ಣ, ಒಂದೇ ಫಿನಿಶ್, ಎರಡು ಕೋಟ್. ಪೂರ್ತಿ ಒಣಗಲು ಬಿಡಿ, ಹಸಿ ಪೇಂಟ್ ನೋಡಿ ತೀರ್ಪು ಕೊಡಬೇಡಿ. ಹಳೆಯ ಗೋಡೆಯ ಮೇಲೇ ಒಂದೆರಡು ಬ್ರಷ್ ಎಳೆದು ನೋಡುವುದು ಸುಲಭ, ಆದರೆ ಹಳೆಯ ಬಣ್ಣ ಅಡಿಯಿಂದಲೂ ಇಣುಕುತ್ತದೆ, ಸುತ್ತಲಿನಿಂದಲೂ ತಳ್ಳುತ್ತದೆ.

ಬೋರ್ಡನ್ನು ನೆಲದ ಮೇಲೆ ಮಲಗಿಸಬೇಡಿ. ಗೋಡೆಯ ಹಾಗೆ ನಿಲ್ಲಿಸಿ. ಒಮ್ಮೆ ಕಿಟಕಿ ಇರುವ ಗೋಡೆಗೇ ಒರಗಿಸಿ, ಅಲ್ಲಿ ಹಗಲಿನ ಬೆಳಕು ಎಲ್ಲಕ್ಕಿಂತ ಕಡಿಮೆ. ಒಮ್ಮೆ ಎದುರು ಗೋಡೆಗೆ. ಒಮ್ಮೆ ಸೋಫಾ ಹಿಂದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ದೀಪ ಹಾಕಿ. ಕೋಣೆಯನ್ನು ರಾತ್ರಿಯೇ ಜಾಸ್ತಿ ಬಳಸುತ್ತೀರಾದರೆ ರಾತ್ರಿಯ ನೋಟಕ್ಕೇ ಹೆಚ್ಚು ತೂಕ ಕೊಡಿ. ಒಂದು ದಿನ ಒಂದು ಬೋರ್ಡ್ ಮಾತ್ರ ಹೊರಗಿರಲಿ, ಇನ್ನೊಂದು ಬೀರುವಿನ ಹಿಂದೆ ಹೋಗಲಿ. ಪ್ರತಿ ಸಾರಿಯೂ ಮೊದಲ ನೋಟಕ್ಕೆ ಬಾಯಿಗೆ ಬಂದ ಪದವನ್ನು ಬರೆದಿಡಿ. "ಹಸಿರು", "ಮಂಕು", "ಮಣ್ಣು", "ಪರವಾಗಿಲ್ಲ", ಏನಾದರೂ ಸರಿ. ಹೊತ್ತು ಕಳೆದಂತೆ ಕಣ್ಣು ಆ ಬಣ್ಣಕ್ಕೆ ಹೊಂದಿಕೊಂಡುಬಿಡುತ್ತದೆ, ಆಮೇಲೆ ಬರೆದದ್ದಕ್ಕೆ ಅಷ್ಟು ಬೆಲೆ ಇಲ್ಲ.

ಮೊಬೈಲ್ ಫೋಟೋ ತೆಗೆದು ಹೋಲಿಸುವ ಆಸೆಯಾಗುತ್ತದೆ. ಬೇಡ. ಕ್ಯಾಮೆರಾ ತಾನೇ ಬೆಳಕನ್ನು ಅಂದಾಜು ಮಾಡಿ ಬಣ್ಣ ತಿದ್ದುತ್ತದೆ, ಅದು ಮೊದಲು ತಿದ್ದುವುದೇ ಬೂದುವನ್ನು.

## ಹಾಗಾದರೆ ಯಾವುದು?

ನೆಲ, ಟೈಲ್ಸ್, ದೊಡ್ಡ ಸಾಮಾನು, ಇವು ಗೋಡೆಯ ಬಣ್ಣದಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದ್ದರಿಂದ ಗೋಡೆಯೇ ಅವಕ್ಕೆ ಹೊಂದಿಕೊಳ್ಳಬೇಕು. ನೇರ ಬಿಸಿಲು ಬಾರದ, ಆಕಾಶದ ಬೆಳಕಿನ ಕೋಣೆಗೆ ನಮ್ಮ ಜೋಡಿಯಲ್ಲಿ 16 ಉಳಿದದ್ದು, ಅಂದರೆ ಬೆಚ್ಚನೆಯದು, ಕಡಿಮೆ ಅಪಾಯದ್ದು. ಬಿಸಿಲು ಧಾರಾಳವಾಗಿದ್ದು ನೆಲವೂ ಹಳದಿ ಮರದ್ದಾಗಿದ್ದರೆ 12 ಉಳಿದದ್ದು, ಇಲ್ಲದಿದ್ದರೆ ಕೋಣೆಯೆಲ್ಲ ಹಳದಿಗೆ ತಿರುಗಬಹುದು. ಬೂದು ಬಣ್ಣದ ನೆಲವಿದ್ದರೆ ಸ್ವಲ್ಪ ಕಷ್ಟ. ನೆಲದ ಬೂದುವಿಗೂ ಒಂದು ಅಂಡರ್‌ಟೋನ್ ಇರುತ್ತದೆ, ಅದು ಗೋಡೆಯದಕ್ಕೆ ಹೊಂದದಿದ್ದರೆ ಎರಡೂ ಕೊಳೆಯಾದಂತೆ ಕಾಣುತ್ತವೆ. ಅಲ್ಲಿ ಬೋರ್ಡನ್ನು ನೆಲಕ್ಕೆ ತಾಗಿಸಿ ನಿಲ್ಲಿಸದೆ ಏನನ್ನೂ ತೀರ್ಮಾನಿಸಬೇಡಿ.

ಎರಡು ದಿನ ನೋಡಿದ ಮೇಲೂ ಎರಡು ಬೋರ್ಡಿಗೂ ಒಂದೇ ಪದ ಬರೆದಿದ್ದೀರಾ? ಹಾಗಿದ್ದರೆ ನಿಮ್ಮ ಕೋಣೆಯ ಮಟ್ಟಿಗೆ ಅವು ಒಂದೇ ಬಣ್ಣ. ಯಾವುದನ್ನು ತಂದರೂ ನಡೆಯುತ್ತದೆ.

ತಂದ ಮೇಲೆ ಒಂದು ಕೆಲಸ ಇದೆ. ಡಬ್ಬ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಲು ಪೇಂಟರ್‌ಗೆ ಹೇಳಿ. ಟಿಂಟ್ ಬಿಡುವಾಗ ಒಂದು ಹನಿ ಹೆಚ್ಚುಕಡಿಮೆ ಆಗಿದ್ದರೂ ಆಗ ಗೋಡೆಯ ನಡುವೆ ಗೆರೆ ಬೀಳುವುದಿಲ್ಲ. ನಾನು ಈಗ ಬೋರ್ಡಿನ ಹಿಂದೆಯೇ ನಂಬರ್, ಫಿನಿಶ್, ತಾರೀಕು ಬರೆದು ಬೀರುವಿನ ಹಿಂದೆ ಇಟ್ಟಿದ್ದೇನೆ. ಮೊಳೆ ಕಿತ್ತ ಜಾಗಕ್ಕೆ ಟಚಪ್ ಮಾಡುವ ದಿನ ಅದು ಬೇಕಾಗುತ್ತದೆ.